ಪೆನ್ಸಿಲ್ ಗುರುತಿಲ್ಲದ ಕಾರ್ಡು

ಸೋಮವಾರ ಬೆಳಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ದೊಡ್ಡಮ್ಮ ಒಂದು ಲಸಿಕೆ ಕಾರ್ಡನ್ನು ಪೂರ್ವದ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡುತ್ತಿದ್ದರು. ಕಾರ್ಡು ತಂದ ತಾಯಿ ಮೇಜಿನ ಆಚೆ ನಿಂತಿದ್ದಳು. ಅವಳ ಸೊಂಟದ ಮೇಲಿದ್ದ ಎರಡು ವರ್ಷದ ಗಂಡುಮಗು ತನ್ನ ಎಡಗಾಲಿನ ಶೂ ಕಳಚುವ ಕೆಲಸದಲ್ಲಿ ಮುಳುಗಿತ್ತು.

ದೊಡ್ಡಮ್ಮ ಎಂಬುದು ಆ ಶಿಶುಪಾಲನಾ ಕೇಂದ್ರದ ಹಿರಿಯ ಆಯಾಗೆ ಮಕ್ಕಳಿಟ್ಟ ಹೆಸರು. ದೊಡ್ಡವರೂ ಅದನ್ನೇ ಹಿಡಿದುಕೊಂಡಿದ್ದರು. ಅವರಿಗಾಗ ಐವತ್ತೇಳು ವರ್ಷ. ಹದಿನಾರು ವರ್ಷಗಳಿಂದ ಹೊಸ ಮಕ್ಕಳ ಕಾರ್ಡು ನೋಡುವುದು ಅವರ ಪಾಲಿನ ಕೆಲಸ. ವಯಸ್ಸಿಗೆ ತಕ್ಕ ಲಸಿಕೆಗಳಾಗಿರುವ ಕಾರ್ಡಿಲ್ಲದೆ ಯಾವ ಮಗುವನ್ನೂ ಸೇರಿಸಿಕೊಳ್ಳಬಾರದೆಂದು ಕೇಂದ್ರದ ಪರವಾನಗಿಯಲ್ಲೇ ಇತ್ತು. ಪ್ರವೇಶದ ಅರ್ಜಿಯಲ್ಲಿ ‘ಕಾರ್ಡು ಪರಿಶೀಲಿಸಿದವರು’ ಎಂಬ ಸಾಲಿನ ಮುಂದೆ ದೊಡ್ಡಮ್ಮನ ಸಹಿ ಬೀಳಬೇಕಿತ್ತು.

ಅದಕ್ಕೂ ಮೊದಲು ಅವರು ಹನ್ನೊಂದು ವರ್ಷ ಬಟ್ಟೆ ಗಿರಣಿಯಲ್ಲಿ ದುಡಿದಿದ್ದರು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆ ಹಾಯುತ್ತಿದ್ದರೆ ತಪ್ಪಿದ ಎಳೆ ಎಲ್ಲಿದೆ ಎಂದು ಹುಡುಕುವ ಕೆಲಸ. ಕಾಗದವನ್ನೂ ಬೆಳಕಿಗೆ ಹಿಡಿದೇ ಓದುವ ಅಭ್ಯಾಸ ಅಲ್ಲಿಂದ ಬಂದದ್ದು.

ಆ ಊರಿನ ಲಸಿಕೆ ಕೊಠಡಿಯಲ್ಲಿ ಒಂದು ಪದ್ಧತಿಯಿತ್ತು. ಮುಂದಿನ ಸಲ ಯಾವಾಗ ಬರಬೇಕೆಂಬುದನ್ನು ನರ್ಸ್ ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಬಂದು ಚುಚ್ಚಿಸಿಕೊಂಡ ದಿನದ ತಾರೀಖನ್ನು ಅದರ ಪಕ್ಕದಲ್ಲಿ ಪೆನ್ನಿನಿಂದ ಬರೆಯುತ್ತಿದ್ದಳು. ಎರಡೂ ಒಂದೇ ಆಗಿರುವುದು ಅಪರೂಪ. ಮಗುವಿಗೆ ನೆಗಡಿ, ತಾಯಿಗೆ ರಜೆಯಿಲ್ಲ, ಮನೆಯಲ್ಲಿ ಮದುವೆ, ಹೀಗೆ ಏನಾದರೊಂದು ನಡುವೆ ಬರುತ್ತದೆ. ಪೆನ್ಸಿಲ್ ಹನ್ನೆರಡು ಎಂದರೆ ಪೆನ್ನು ಹತ್ತೊಂಬತ್ತು ಎನ್ನುತ್ತದೆ.

ಈ ಕಾರ್ಡಿನಲ್ಲಿ ಆರು ಸಾಲುಗಳು ಭರ್ತಿಯಾಗಿದ್ದವು. ಮೊದಲ ಎರಡರಲ್ಲಿ ಎರಡು ಬಗೆಯ ಶಾಯಿ, ಎರಡು ಕೈಬರಹ, ಪಕ್ಕದಲ್ಲಿ ಪೆನ್ಸಿಲ್ ಗುರುತು. ಕೆಳಗಿನ ನಾಲ್ಕರಲ್ಲಿ ಒಂದೇ ಪೆನ್ನು, ಅಕ್ಷರಗಳಿಗೆ ಒಂದೇ ವಾಲು. ಬೆಳಕಿಗೆ ಹಿಡಿದರೂ ಪೆನ್ಸಿಲ್ ಒತ್ತಿದ ಗೆರೆಯಿಲ್ಲ. ತಾರೀಖುಗಳಂತೂ ಕೊಡಬೇಕಾದ ದಿನಕ್ಕೆ ಸರಿಯಾಗಿ ಕೂತಿದ್ದವು, ಒಂದು ದಿನವೂ ಆಚೀಚೆ ಇಲ್ಲ.

“ಮೊದಲ್ನೇ ಎರಡು ಸಾಲು ನಿಜ ಕಣಮ್ಮ,” ಎಂದರು ದೊಡ್ಡಮ್ಮ. “ಕೆಳಗಿನ ನಾಲ್ಕು ಬರೆದೋರು ಯಾರು? ಇಷ್ಟು ಸರಿಯಾಗಿ ಯಾರೂ ಬರಲ್ಲ. ನನ್ನ ಮಕ್ಕಳನ್ನೇ ನಾನು ಹೇಳಿದ ದಿನ ಕರ್ಕೊಂಡು ಹೋದೋಳಲ್ಲ.”

ತಾಯಿ ಬಗ್ಗಿ, ಕೆಳಗೆ ಬಿದ್ದಿದ್ದ ಶೂ ಎತ್ತಿ ಮಗುವಿನ ಕಾಲಿಗೆ ಹಾಕಿದಳು. ಅದಾದ ಮೇಲೆ ಬಾಯಿಬಿಟ್ಟಳು. ಎರಡನೆಯ ಲಸಿಕೆಯಾದಾಗ ಮಗುವಿನ ಮೈ ಕೆಂಡದಂತೆ ಸುಟ್ಟಿತ್ತು. ಎರಡು ದಿನ ಅದನ್ನು ತೋಳಿನಿಂದ ಕೆಳಗಿಳಿಸದೆ ಹೊತ್ತವರು ಅವಳ ಮಾವ. ಇನ್ನು ಮೇಲೆ ಈ ಮಗುವಿಗೆ ಸೂಜಿ ತಾಕಿಸಕೂಡದು ಎಂದು ಅಂದೇ ಹೇಳಿಬಿಟ್ಟಿದ್ದರು. ಈಗ ಸೊಸೆಗೆ ಕೆಲಸ ಸಿಕ್ಕಿತ್ತು, ಮಗುವನ್ನು ಎಲ್ಲಾದರೂ ಬಿಡಬೇಕಿತ್ತು. ಮಾವನೇ ಯಾರನ್ನೋ ಹಿಡಿದು ಉಳಿದ ಸಾಲುಗಳನ್ನು ತುಂಬಿಸಿ ತಂದಿದ್ದರು.

ದೊಡ್ಡಮ್ಮ ಬೈಯಲಿಲ್ಲ. ಬಿಟ್ಟುಹೋದ ಲಸಿಕೆಗಳನ್ನು ಈಗಲೂ ಶುರು ಮಾಡಬಹುದು, ದಡಾರದ್ದು ಮೊದಲು ಆಗಲಿ, ಉಳಿದವಕ್ಕೆ ಕಾರ್ಡಿನಲ್ಲಿ ಪೆನ್ಸಿಲಿನ ತಾರೀಖು ಬಿದ್ದರೆ ಸೇರಿಸಿಕೊಳ್ಳುತ್ತೇನೆ, ನಿಯಮದಲ್ಲೇ ಅದಕ್ಕೆ ದಾರಿಯಿದೆ ಎಂದು ನಿಧಾನವಾಗಿ ಎರಡು ಸಲ ಹೇಳಿ ಕಳಿಸಿದರು.

ಆ ಮಾವ ಸಾಮಾನ್ಯರಲ್ಲ. ಕೇಂದ್ರ ನಡೆಯುತ್ತಿದ್ದ ಕಟ್ಟಡ ಅವರದು. ಬಾಡಿಗೆ ಕರಾರು ಮುಗಿಯಲು ಎರಡು ತಿಂಗಳಿತ್ತು. ಹನ್ನೊಂದು ಗಂಟೆಗೆ ಅವರು ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ತಾವೇ ಬಂದರು. ಕೇಂದ್ರದ ಮೇಲ್ವಿಚಾರಕಿ ಎದ್ದು ಕುರ್ಚಿ ಕೊಟ್ಟರು. ಆಮೇಲೆ ದೊಡ್ಡಮ್ಮನ ಪಕ್ಕಕ್ಕೆ ಬಂದು, ಈ ಒಂದು ಸಲ ಕಣ್ಣುಮುಚ್ಚಿ ಸಹಿ ಹಾಕಿಬಿಡಿ, ಕಟ್ಟಡ ಹೋದರೆ ಅರವತ್ತೆರಡು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಪಿಸುಗುಟ್ಟಿದರು.

ದೊಡ್ಡಮ್ಮ ದನಿ ತಗ್ಗಿಸಲಿಲ್ಲ. “ನೋಡಿದ್ದೀನಿ ಅಂತ ಹೇಳೋ ಸಹಿ ಇದು ಮೇಡಂ. ನೋಡಿದ್ದೀನಿ, ಅದಕ್ಕೇ ಹಾಕಲ್ಲ. ನೀವು ಹಾಕೋದಾದ್ರೆ ತಗೊಳ್ಳಿ, ಪೆನ್ನು.”

ಮೇಲ್ವಿಚಾರಕಿ ಪೆನ್ನು ತೆಗೆದುಕೊಂಡರು. ಅರ್ಜಿಯನ್ನೂ ನೋಡಿದರು. ಬಳಿಕ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

“ಗೋಡೆ ನಂದು, ಬಾಗಿಲು ನಂದು,” ಎಂದರು ಮಾಲೀಕರು. “ನನ್ನ ಮೊಮ್ಮಗನಿಗೇ ಒಳಗೆ ಜಾಗ ಇಲ್ವಾ?”

“ಗೋಡೆ ನಿಮ್ದೇ ಯಜಮಾನ್ರೇ. ಒಳಗಿರೋ ಗಾಳಿ ನಿಮ್ದಲ್ಲ.”

ತಾವು ಒಂದು ಸೂಜಿಯೂ ಇಲ್ಲದೆ ಬೆಳೆದವರು, ಈ ವಯಸ್ಸಿಗೂ ಕಲ್ಲುಗುಂಡಿನ ಹಾಗಿದ್ದೇವೆ ಎಂದು ಅವರು ಎದೆ ತಟ್ಟಿಕೊಂಡರು. ಕಲ್ಲುಗುಂಡು ಸೇರಿಸಿಕೊಳ್ಳಲು ಇಲ್ಲಿ ಪರವಾನಗಿ ಇಲ್ಲ, ಮಕ್ಕಳಿಗೆ ಮಾತ್ರ ಇರುವುದು ಎಂದರು ದೊಡ್ಡಮ್ಮ. ಸೊಸೆ ತಟ್ಟನೆ ಮುಖ ತಿರುಗಿಸಿ ಮಗುವಿನ ಮೂಗು ಒರೆಸತೊಡಗಿದಳು. ಆ ಮೂಗಿನಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಮಾಲೀಕರು ಜ್ವರದ ಮಾತೆತ್ತಿದಾಗ ಮಾತ್ರ ದೊಡ್ಡಮ್ಮನ ದನಿ ಮೆತ್ತಗಾಯಿತು. “ಜ್ವರ ಬಂದಿದ್ದು ಸುಳ್ಳಲ್ಲ. ನೀವು ಎತ್ಕೊಂಡು ಓಡಾಡಿದ್ದೂ ಸುಳ್ಳಲ್ಲ. ಹೋಗಿ ನರ್ಸಮ್ಮನಿಗೆ ಹೇಳಿ, ಕಾರ್ಡಲ್ಲಿ ಬರೀತಾರೆ, ಮುಂದಿನ ಸಲ ನೋಡ್ಕೊಂಡು ಕೊಡ್ತಾರೆ. ನೀವು ಮಾಡಿಸಿರೋ ಕಾರ್ಡಲ್ಲಿ ಆ ಜ್ವರಾನೇ ಇಲ್ವಲ್ಲ.”

ಕೊನೆಗೆ ಮಾಲೀಕರು ಎದ್ದು, ಒಂದೇ ಒಂದು ಮಗುವಿಗಾಗಿ ಇಷ್ಟು ಹಠವೇ ಎಂದರು. ದೊಡ್ಡಮ್ಮ ಉತ್ತರಿಸುವ ಬದಲು ಅವರನ್ನು ಕಾರಿಡಾರಿನ ಕೊನೆಗೆ ಕರೆದೊಯ್ದು ತೊಟ್ಟಿಲುಕೋಣೆಯ ಅರ್ಧಬಾಗಿಲ ಮುಂದೆ ನಿಲ್ಲಿಸಿದರು. ಅಲ್ಲಿದ್ದವು ಒಂಬತ್ತು ತಿಂಗಳು ತುಂಬದ ಆರು ಶಿಶುಗಳು. ದಡಾರದ ಲಸಿಕೆ ಕೊಡಿಸಲು ತಂದೆತಾಯಿ ಸಿದ್ಧರಿದ್ದರೂ ಅವಕ್ಕೆ ವಯಸ್ಸಾಗಿರಲಿಲ್ಲ. ದಡಾರ ಬಂದ ಮಗು ಕೋಣೆ ಬಿಟ್ಟುಹೋದ ಮೇಲೂ ಅದರ ಸೋಂಕು ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ದೊಡ್ಡ ಮಕ್ಕಳ ಕೋಣೆಗೂ ತೊಟ್ಟಿಲುಕೋಣೆಗೂ ಇದ್ದದ್ದು ಅದೇ ಕಾರಿಡಾರು. ದೊಡ್ಡಮ್ಮ ತೊಟ್ಟಿಲುಗಳ ಕಡೆ ಒಂದೊಂದಾಗಿ ಬೆರಳು ತೋರಿಸಿ ಎಣಿಸಿ, ಒಂದೇ ಮಾತು ಹೇಳಿದರು. ಮಾಲೀಕರು ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೊರಟುಹೋದರು.

ಇಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಹಿಂದೆಂದೋ ಕಂಡ ಸಾವುನೋವು ಕಾರಣವಿರಬೇಕೆಂದು ಹಲವರು ಊಹಿಸಿದ್ದರು. ಹಾಗೇನಿಲ್ಲ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ನಾಳೆ ತರುತ್ತೇನೆ ಎಂದ ತಂದೆಯೊಬ್ಬನನ್ನು ನಂಬಿ ಕಾರ್ಡಿಲ್ಲದೆ ಒಂದು ಮಗುವನ್ನು ಸೇರಿಸಿಕೊಂಡಿದ್ದರು. ಕಾರ್ಡು ಬಂದದ್ದು ಐದು ತಿಂಗಳ ಮೇಲೆ. ಯಾವ ಮಗುವಿಗೂ ಏನೂ ಆಗಲಿಲ್ಲ. ಏನೂ ಆಗದ್ದೇ ತನಗೆ ಭಯ ಹುಟ್ಟಿಸಿತು, ಇನ್ನೊಬ್ಬರಿಗೂ ಹೂಂ ಎನ್ನಲು ಬಾಯಿ ಹವಣಿಸುತ್ತಿತ್ತು ಎಂದು ಅವರೇ ಹೇಳಿದ್ದರು.

ಒಂಬತ್ತನೆಯ ದಿನ ಸೊಸೆ ಮಗುವಿನೊಂದಿಗೆ ಒಬ್ಬಳೇ ಬಂದಳು. ಕೆಲಸಕ್ಕೆ ಸೇರುವ ದಿನವನ್ನು ಕೇಳಿಕೊಂಡು ಮುಂದೂಡಿಸಿದ್ದಳು, ಲಸಿಕೆ ಕೊಠಡಿಗೆ ಮಾವನ ಅಪ್ಪಣೆ ಕೇಳದೆ ಹೋಗಿದ್ದಳು. ಕಾರ್ಡಿನ ಕೆಳಗಿನ ನಾಲ್ಕು ಸಾಲುಗಳ ಮೇಲೆ ನರ್ಸ್ ಅಡ್ಡಗೆರೆ ಎಳೆದು ಸಹಿ ಹಾಕಿದ್ದಳು. ಅದರ ಕೆಳಗೆ ದಡಾರದ ತಾರೀಖು ಪೆನ್ನಿನಲ್ಲಿ, ಜ್ವರದ ಸಂಗತಿ ಕೆಂಪು ಶಾಯಿಯಲ್ಲಿ, ಮುಂದಿನವು ಪೆನ್ಸಿಲಿನಲ್ಲಿ. ದೊಡ್ಡಮ್ಮ ಅದನ್ನೂ ಕಿಟಕಿಗೆ ಹಿಡಿದರು. “ಈಗ ಇದು ಕಾರ್ಡು,” ಎಂದು ಸಹಿ ಹಾಕಿದರು.

ಮಾಲೀಕರು ಕರಾರು ಮುಂದುವರಿಸಿದರು. ಆದರೆ ಆ ಹೆಂಗಸು ಪ್ರವೇಶದ ಮೇಜಿನಲ್ಲಿ ಕೂರಬಾರದೆಂದು ಒಂದು ಷರತ್ತು ಹಾಕಿದ್ದರು. ಮೇಲ್ವಿಚಾರಕಿ ಆ ಷರತ್ತಿನ ಪತ್ರವನ್ನು ದೊಡ್ಡಮ್ಮನಿಗೆ ತೋರಿಸಿದರು. ದೊಡ್ಡಮ್ಮ ಪತ್ರವನ್ನು ಎರಡು ಸಲ ಓದಿ, ಕಿಟಕಿಯ ಬಗ್ಗೆ ಏನೂ ಬರೆದಿಲ್ಲವಲ್ಲ ಎಂದು, ತಮ್ಮ ಕುರ್ಚಿಯ ದಿಂಬನ್ನೂ ನೀರಿನ ಬಾಟಲಿಯನ್ನೂ ಎತ್ತಿಕೊಂಡು ತೊಟ್ಟಿಲುಕೋಣೆಗೆ ನಡೆದರು. ಅಲ್ಲಿಯ ಕಿಟಕಿಯೂ ಪೂರ್ವಕ್ಕಿತ್ತು. ಮಾರನೆಯ ಬೆಳಗ್ಗೆಯಿಂದ ಮೇಲ್ವಿಚಾರಕಿಯೇ ಹೊಸ ಕಾರ್ಡುಗಳನ್ನು ಅರ್ಧಬಾಗಿಲಿಗೆ ತಂದುಕೊಡುತ್ತಿದ್ದರು.

ಮೇಜಿನಲ್ಲಿ ಈಗ ಮೇಲ್ವಿಚಾರಕಿ ಕೂರುತ್ತಾರೆ. ಒಂದು ಮಗು ತಾನೇ, ಬಿಟ್ಟುಬಿಡಿ ಎಂದು ವಾದಿಸುವವರು ಈಗಲೂ ಬರುತ್ತಾರೆ. ಆಗ ಅವರು ಪೆನ್ನಿಗೆ ಮುಚ್ಚಳ ಹಾಕಿ, ತೊಟ್ಟಿಲುಕೋಣೆಯ ಬಾಗಿಲಲ್ಲಿ ಅಂದು ದೊಡ್ಡಮ್ಮ ಕಟ್ಟಡದ ಮಾಲೀಕರಿಗೆ ಹೇಳಿದ ಮಾತನ್ನೇ ಹೇಳುತ್ತಾರೆ: “ಒಂದಲ್ಲ ಯಜಮಾನ್ರೇ, ಆರು.”