ಬಟ್ಟೆಯ ಗರ್ಭಕೋಶ ಹೊಲಿಯುವ ನನ್ನ ವಾರಗಿತ್ತಿ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡೋದೇನು ಬಂತು? ಮೈದುನನ ಹೆಂಡತಿಯಾಗಿ ಈ ಮನೆಗೆ ಬಂದವಳು. ಮಕ್ಕಳಿಲ್ಲ. ನರ್ಸಿಂಗ್ ಶಾಲೆಯವರಿಗೆ ಪಾಠಕ್ಕೆ ಬೇಕಾದ ಬಟ್ಟೆಯ ಮಾದರಿಗಳನ್ನು ಹೊಲಿದುಕೊಡುತ್ತಾಳೆ. ಗೊಂಬೆಗಿಂಬೆ ಅಲ್ಲ, ಹೆಣ್ಣಿನ ಗರ್ಭಕೋಶ! ಹಿಂದಿನ ಕೋಣೆಯ ಕಿಟಕಿ ಪಕ್ಕ ಅವಳ ಹೊಲಿಗೆ ಮಿಷನ್ನು.

ಕೈಕೆಲಸ ಮಾತ್ರ ಅಚ್ಚುಕಟ್ಟು, ಇಲ್ಲ ಅನ್ನಲಾರೆ. ಗರ್ಭಕೋಶಕ್ಕೆ ದಪ್ಪ ಉಣ್ಣೆ ಬಟ್ಟೆ, ಯಾಕೆಂದರೆ ಅದು ಬರೀ ಚೀಲವಲ್ಲ, ಗಟ್ಟಿ ಸ್ನಾಯು. ಒಳಗೆ ಕೆಂಪು ಪದರ, ಟಿಚ್ ಬಟನ್ ಹಾಕಿ ಕೂಡಿಸಿದ್ದು. ಬಸಿರು ನಿಲ್ಲದ ತಿಂಗಳು ಈ ಪದರ ಕಳಚಿಕೊಳ್ಳತ್ತೆ, ಅದೇ ಮುಟ್ಟು ಅಂತ ಚಟಪಟ ಬಟನ್ ಬಿಚ್ಚಿ ತೋರಿಸುತ್ತಾಳೆ. ಕೆಳಗೆ ಗರ್ಭಕಂಠ, ಅದರ ಕೆಳಗೆ ಯೋನಿ. ಮೇಲೆ ಎರಡೂ ಕಡೆ ಒಂದೊಂದು ನಾಳ, ನಾಳದ ತುದಿಗೆ ಕುಚ್ಚು, ಪಕ್ಕದಲ್ಲಿ ಬಾದಾಮಿಯಷ್ಟು ದೊಡ್ಡ ಅಂಡಾಶಯ.

ಇದನ್ನೆಲ್ಲ ಅವಳು ಯಾರಿಗೆ ಬೇಕಾದರೂ ಹೇಳಿಕೊಳ್ಳಲಿ. ನನ್ನ ಮಗಳಿಗೆ ಯಾಕೆ? ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಹಿಂದಿನ ಕೋಣೆಗೆ ಓಟ. "ಚಿಕ್ಕಮ್ಮ, ಇದು ಯಾಕೆ? ಅದು ಹೇಗೆ?" ಹೆತ್ತವಳು ನಾನು, ಕೇಳೋದು ಅವಳನ್ನ! ನಾನು ಒಳಗೆ ಕಾಲಿಟ್ಟರೆ ಇಬ್ಬರ ಮಾತೂ ನಿಂತುಹೋಗುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ನಾನೇನು ಕಡಿಮೆ ಅಂತ, ಒಂದು ದಿನ ವಾರಗಿತ್ತಿ ನೂಲು ತರಲು ಹೋಗಿದ್ದಾಗ ಸೂಜಿ ಹಿಡಿದೆ. ಮುಗಿಸಿಟ್ಟ ಮಾದರಿಗಳಲ್ಲಿ ಅಂಡಾಶಯಕ್ಕೂ ನಾಳದ ಕುಚ್ಚಿಗೂ ನಡುವೆ ಸಂದು ಹಾಗೇ ಉಳಿದಿತ್ತು. ಓಹೋ, ಮಹಾರಾಣಿ ಹೊಲಿಯೋದನ್ನೇ ಮರೆತಿದ್ದಾಳೆ! ಎಲ್ಲವನ್ನೂ ಭದ್ರವಾಗಿ ಕೂಡಿಸಿ ಹೊಲಿದು, ಮಗಳನ್ನು ಕೂಗಿ ತೋರಿಸಿದೆ.

ಅವಳು ಬಿದ್ದೂ ಬಿದ್ದೂ ನಕ್ಕಳು. "ಅಯ್ಯೋ ಅಮ್ಮ, ಅಲ್ಲಿ ಸಂದು ಇರಬೇಕು! ಅಂಡ ಹೊರಗೆ ಬರತ್ತೆ, ಕುಚ್ಚು ಅದನ್ನ ನಾಳದ ಒಳಗೆ ಎಳ್ಕೊಳ್ಳತ್ತೆ. ನಿಂಗೆ ಇಷ್ಟೂ ಗೊತ್ತಿಲ್ವಾ?"

ವಾರಗಿತ್ತಿ ಬಂದು ನೋಡಿದಳು. ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು. ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಮಗಳು ಶಾಲೆಯಿಂದ ಬೇಗ ಬಂದವಳು ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಲಂಗದ ಹಿಂದೆ ಕಲೆ ಕಂಡಿತ್ತು ನನಗೆ.

"ಬಾಗಿಲು ತೆಗಿ ಕಣೇ."

"ಚಿಕ್ಕಮ್ಮನ್ನ ಕರಿ."

ಕೆನ್ನೆಗೆ ಬಾರಿಸಿದ ಹಾಗಾಯಿತು. ಏನು ಮಾಡಲಿ? ನಾನೇ ಹೋಗಿ ಕರೆದುಕೊಂಡು ಬಂದೆ. ಅವಳು "ಪುಟ್ಟಿ" ಅಂದದ್ದೇ ತಡ, ಚಿಲಕ ಸರಿಯಿತು. ಆದರೆ ವಾರಗಿತ್ತಿ ಒಳಗೆ ಹೋಗಲಿಲ್ಲ. ಪ್ಯಾಡಿನ ಪೊಟ್ಟಣ ನನ್ನ ಕೈಗೆ ತುರುಕಿ ಮೆಲ್ಲಗೆ ಹೇಳಿದಳು: "ನೀವು ಹೋಗಿ ಅಕ್ಕ. ನಾನು ಇಲ್ಲೇ ಇರ್ತೀನಿ." ಥೂ, ಇಷ್ಟೊಂದು ಒಳ್ಳೆಯವಳಾಗಬೇಕಾ ಒಬ್ಬಳು!

ಮಗಳು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುದುಡಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ಹೆದರಬೇಡ ಮಗಳೇ, ಗರ್ಭಕೋಶದ ಸ್ನಾಯು ಹಿಂಡ್ತಿದೆ, ಅದಕ್ಕೇ ನೋವು, ಒಳಗಿನ ಪದರ..."

"ಅದೆಲ್ಲ ಗೊತ್ತಮ್ಮ. ನೀನು ಸುಮ್ನೆ ಪಕ್ಕದಲ್ಲಿ ಕೂತ್ಕೋ."

ಕೂತೆ. ತೊಡೆಯ ಮೇಲೆ ತಲೆ ಇಟ್ಟಳು. ಬಾಗಿಲ ಆಚೆ ವಾರಗಿತ್ತಿ ಇನ್ನೂ ನಿಂತೇ ಇದ್ದಳು, ಸೀರೆಯ ಅಂಚು ಕಾಣುತ್ತಿತ್ತು. ನೀನೂ ಬಾ ಅಂತ ಒಂದು ಮಾತು ಕರೆಯಬಹುದಿತ್ತು. ಕರೆಯಲಿಲ್ಲ.