ಊದುತ್ತೋ, ಎಳ್ಕೊಳುತ್ತೋ

ಎಂಜಿನ್ ತಂಪಾಗಿಡುವ ಕೂಲೆಂಟ್ ಕಾದು ಸೋರಿದರೆ ಒಂದು ಸಿಹಿ ವಾಸನೆ ಬರುತ್ತದೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಆಯುಧಪೂಜೆಗೆ ಮುಂಚೆ ತೊಳೆಯೋಣವೆಂದು ಕಾರಿನ ಮುಂದಿನ ಜಾಲರಿ ಬಿಚ್ಚಿ ಕೂತಿದ್ದೆ. ರೇಡಿಯೇಟರಿನ ಮುಖಕ್ಕೆ ಹೋದ ವರ್ಷದ ಚೆಂಡುಹೂವಿನ ಎಸಳುಗಳು ಒಣಗಿ ಅಂಟಿಕೊಂಡಿದ್ದವು. ಬೆರಳಲ್ಲಿ ಉಜ್ಜಿದೆ. ಹೂವಿನ ಕಮಟು, ಅದರ ಹಿಂದೆ ಆ ಹಳೆಯ ಸಿಹಿ, ಜೊತೆಗೆ ಅಲ್ಲಿ ಇಲ್ಲದೇ ಇದ್ದ ಕರ್ಪೂರದ ವಾಸನೆಯೂ ಮೂಗಿಗೆ ಬಡಿಯಿತು. ಓನರ್ ಆಂಟಿ ನೆನಪಾದರು.

ಗೋವಿಂದರಾಜನಗರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು. ಕೆಳಗೆ ಆಂಟಿ, ಅಂಕಲ್ ಇಬ್ಬರೇ. ಬಾಡಿಗೆಯವರಾದ ನಮಗೆ ಮಾತ್ರವಲ್ಲ, ಇಡೀ ರಸ್ತೆಗೆ ಅವರು ಓನರ್ ಆಂಟಿಯೇ. ನೀರು ಬಿಡುವವನನ್ನು, ಗೇಟಿಗೆ ಅಡ್ಡ ಬೈಕ್ ನಿಲ್ಲಿಸುವವರನ್ನು, ನನ್ನನ್ನು, ಎಲ್ಲರನ್ನೂ ಒಂದೇ ದನಿಯಲ್ಲಿ ಗದರುತ್ತಿದ್ದರು. ಆದರೆ ರಸ್ತೆಯಲ್ಲಿ ಯಾರು ಹೊಸ ಗಾಡಿ ತಂದರೂ ಮೊದಲು ನಿಲ್ಲಿಸುತ್ತಿದ್ದುದು ಅವರ ಗೇಟಿನ ಮುಂದೆಯೇ. ಆಂಟಿಯ ಕೈಗುಣ ಒಳ್ಳೆಯದು ಎಂಬ ಮಾತಿತ್ತು. ಅವರು ನೆಟ್ಟ ಕರಿಬೇವು ಹಿಡಿಯುತ್ತಿತ್ತು, ಅವರು ಹೆಪ್ಪು ಹಾಕಿದ ಮೊಸರು ಗಟ್ಟಿಯಾಗಿರುತ್ತಿತ್ತು. ಆಯುಧಪೂಜೆಯ ದಿನ ಆಟೋ, ಸ್ಕೂಟರ್, ಇಸ್ತ್ರಿಯವನ ತಳ್ಳುಗಾಡಿ ಎಲ್ಲಕ್ಕೂ ಮಂಗಳಾರತಿ ಎತ್ತುವುದು ಅವರೇ. ಅವರಿಗೂ ಅದರ ಬಗ್ಗೆ ಸ್ವಲ್ಪ ಜಂಬವಿತ್ತು. ಇರಲಿ, ಇರಬೇಕಾದ್ದೇ.

ನನ್ನ ಜಂಬ ನನ್ನ ಕಾರು. ಸೆಕೆಂಡ್ ಹ್ಯಾಂಡ್ ಸೆಡಾನ್ ಒಂದನ್ನು ತಂದು, ಲಗ್ಗೆರೆಯಲ್ಲಿ ಗ್ಯಾರೇಜ್ ಇಟ್ಟಿದ್ದ ಗೆಳೆಯನ ಕೈಯಲ್ಲಿ ದೊಡ್ಡ ಟರ್ಬೊ ಹಾಕಿಸಿ, ಎಂಜಿನ್ನಿನ ಶಕ್ತಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಸಿದ್ದೆ. ಓಡಿದರೆ ಬೆನ್ನು ಸೀಟಿಗೆ ಒತ್ತುತ್ತಿತ್ತು. ತೊಂದರೆಯೆಂದರೆ ಓಡುತ್ತಲೇ ಇರಲಿಲ್ಲ. ಮಾಗಡಿ ರಸ್ತೆಯಲ್ಲಿ ನಾಲ್ಕು ಸಿಗ್ನಲ್ ದಾಟುವಷ್ಟರಲ್ಲಿ ಶಾಖದ ಮುಳ್ಳು ಮೇಲೇರುತ್ತಿತ್ತು. ಮುಂದೆ ಬಾನೆಟ್ಟಿನಿಂದ ಹಬೆ, ಹಿಂದೆ ಹಾರ್ನು, ನಡುವೆ ನಾನು ನೀರಿನ ಬಾಟಲಿ ಹಿಡಿದುಕೊಂಡು.

"ನೀನು ತಂದಿರೋದು ಕಾರೋ, ನೀರು ಕಾಯ್ಸೋ ಹಂಡೆನೋ?" ಎಂದು ಆಂಟಿ ಕೇಳುತ್ತಿದ್ದರು. ಅಂಕಲ್ ಮಾತ್ರ ಪಾಪ, ಗಿಡಕ್ಕೆ ನೀರು ಹಾಕುವ ಪೈಪನ್ನು ನನ್ನ ಕಡೆ ಚಾಚುತ್ತಿದ್ದರು.

ಮಾಡದ ಮದ್ದಿಲ್ಲ. ರೇಡಿಯೇಟರ್ ದೊಡ್ಡದು ಮಾಡಿದೆವು. ನೀರಿನ ಪಂಪ್ ಬದಲಾಯಿಸಿದೆವು, ಬಾನೆಟ್ಟಿಗೆ ಕಿಂಡಿ ಕೊರೆಸಿದೆವು. ಕೊನೆಗೆ ಗೆಳೆಯ ಗುಜರಿಯಿಂದ ಯಾವುದೋ ದೊಡ್ಡ ಗಾಡಿಯ ಫ್ಯಾನ್ ತಂದು ರೇಡಿಯೇಟರಿನ ಹಿಂದೆ ಕೂರಿಸಿದ. "ಇನ್ಮೇಲೆ ಸ್ವೆಟರ್ ಹಾಕ್ಬೇಕು ಮಗಾ ನಿನ್ ಗಾಡಿಗೆ" ಅಂದ. ಅದಾದ ಮೇಲೆ ಗಾಡಿ ಕಾಯುವುದು ಇನ್ನೂ ಹೆಚ್ಚಾಯಿತು. ಯಾಕೆ ಹೆಚ್ಚಾಯಿತು ಎಂದು ಯೋಚಿಸುವ ತಾಳ್ಮೆ ನಮ್ಮಿಬ್ಬರಿಗೂ ಉಳಿದಿರಲಿಲ್ಲ. ಆಯುಧಪೂಜೆ ಕಳೆದ ಮೇಲೆ ಎಲ್ಲ ಬಿಚ್ಚಿಹಾಕಿ, ಕಂಪನಿ ಕೊಟ್ಟ ಹಾಗೇ ಮಾಡಿಬಿಡೋಣ ಎಂದು ತೀರ್ಮಾನಿಸಿದ್ದೆವು.

ಆ ವರ್ಷ ಯುಗಾದಿಯ ಹೊತ್ತಿಗೆ ಅಂಕಲ್ ತೀರಿಕೊಂಡರು. ಆಂಟಿಯ ಗದರಿಕೆ ನಿಂತುಹೋಯಿತು. ಗೇಟಿಗೆ ಅಡ್ಡ ಬೈಕ್ ನಿಂತರೂ ಸುಮ್ಮನೆ ಪಕ್ಕದಿಂದ ಹಾದು ಹೋಗುತ್ತಿದ್ದರು... ಅದನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು. ಆಯುಧಪೂಜೆ ಬಂದಾಗ, "ಈ ಸಲ ನನ್ನ ಕರೀಬೇಡಿ, ನೀನೇ ಎತ್ತಮ್ಮ" ಎಂದು ನನ್ನ ಹೆಂಡತಿಗೆ ಹೇಳಿದರು. ಅವಳಾಗ ಬಸುರಿ. ಅವಳು ಹಟ ಹಿಡಿದಳು. ನೀವು ಬರದಿದ್ದರೆ ನಮ್ಮ ಗಾಡಿಗೆ ಪೂಜೆಯೇ ಬೇಡ ಅಂದಳು. ಕೊನೆಗೆ ಆಂಟಿ ತಟ್ಟೆ ತರಲು ಒಳಗೆ ಹೋದರು.

ನಾನು ಆಗಷ್ಟೇ ಕಾರಿಗೆ ವಾಟರ್ ವಾಶ್ ಮಾಡಿಸಿಕೊಂಡು ಬಂದಿದ್ದೆ. ಎಂಜಿನ್ ಆರಿಸಿದ್ದರೂ ಕಾದಿದ್ದರಿಂದ ಫ್ಯಾನ್ ಇನ್ನೂ ಗರ್ರೆನ್ನುತ್ತಿತ್ತು. ಆ ಸದ್ದು ನಮಗೆಲ್ಲ ಎಷ್ಟು ಅಭ್ಯಾಸವಾಗಿತ್ತೆಂದರೆ ಅದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಆಂಟಿ ಕರ್ಪೂರ ಹಚ್ಚಿ ಕಾರಿನ ಮುಂದೆ ತಟ್ಟೆ ಎತ್ತಿದರು. ಉರಿ ಅವರ ಕಡೆಗೇ ಬಾಗಿ ಆರಿಹೋಯಿತು. ಮತ್ತೆ ಹಚ್ಚಿದರು. ಮತ್ತೆ ಆರಿತು. ಸುತ್ತ ನಿಂತವರಲ್ಲಿ ಯಾರೋ ಒಬ್ಬರು ತುಟಿ ಕಚ್ಚಿದ್ದು ನನಗೂ ಕಾಣಿಸಿತು, ಆಂಟಿಗೂ ಕಾಣಿಸಿತು.

ಅವರು ತಟ್ಟೆಯನ್ನು ನನ್ನ ಹೆಂಡತಿಯ ಕೈಗಿಟ್ಟರು. ಅವಳು ಗಾಬರಿಯಲ್ಲಿ ಪಕ್ಕದ ಸ್ಕೂಟರಿಗೆ ಮೊದಲು ಎತ್ತಿದಳು. ಉರಿ ನೆಟ್ಟಗೆ ನಿಂತಿತು. ಆಮೇಲೆ ಕಾರಿಗೆ ಎತ್ತಿದಳು. ಅಲ್ಲೂ ನೆಟ್ಟಗೇ ನಿಂತಿತು. ಅಷ್ಟರಲ್ಲಿ ಫ್ಯಾನ್ ತಾನಾಗಿ ನಿಂತಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ.

"ನನ್ ಕೈಗುಣ ಅವರ ಜೊತೆಗೇ ಹೋಯ್ತು ಕಣಪ್ಪ" ಎಂದರು ಆಂಟಿ. ಅಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿಬಿಟ್ಟರು.

ಕೆಳಗೆ ಹೋಗಿ ಎಷ್ಟೋ ಹೇಳಿದೆವು. ಅದೆಲ್ಲ ಹಳೇ ನಂಬಿಕೆ, ಗಾಳಿ ಬಂದಿರಬೇಕು, ಎಂದೆಲ್ಲ. ಅವರು ಕೇಳಿಸಿಕೊಂಡರು, ಕಾಫಿಯನ್ನೂ ಕೊಟ್ಟರು. ಬಾಯಿಮಾತಿಗೆ ಒಪ್ಪುವ ಹೆಂಗಸಲ್ಲ ಅವರು, ಕಣ್ಣಾರೆ ಕಂಡಿದ್ದರಲ್ಲ. "ಹೆರಿಗೆ ಆಗೋವರ್ಗೂ ನಾನು ಮೇಲೆ ಬರಲ್ಲಮ್ಮ, ಬೇಜಾರು ಮಾಡ್ಕೋಬೇಡ" ಎಂದರು. ನನ್ನ ಹೆಂಡತಿಗೆ ತಾಯಿಯಿಲ್ಲ. ಆ ತಿಂಗಳುಗಳಲ್ಲಿ ಅವಳಿಗೆ ಬೇಕೆನಿಸಿದ್ದನ್ನೆಲ್ಲ ಮಾಡಿಕೊಟ್ಟು, ಮೆಟ್ಟಿಲು ಹತ್ತಿ ಬಂದು ಕಾಲು ಒತ್ತುತ್ತಿದ್ದವರು ಅವರೇ. ಅವಳು ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಾರನ್ನು ಲಗ್ಗೆರೆಗೆ ಒಯ್ದು ಎಲ್ಲ ಬಿಚ್ಚಿಸೋಣವೆಂದು ಹೊರಟೆ. ಬೀದಿಯ ತುದಿಯವರೆಗೆ ಹೋದವನು ಹೊಗೆ ತಪಾಸಣೆಯ ಕಾಗದ ಮರೆತೆನೆಂದು ವಾಪಸು ಬಂದು, ಎಂಜಿನ್ ಆರಿಸದೆ ಮೇಲೆ ಹೋದೆ. ಕಾಗದ ಹುಡುಕಿಕೊಂಡು ಇಳಿದು ಬರುವಷ್ಟರಲ್ಲಿ ಗಾಡಿ ಕಾದು, ಫ್ಯಾನ್ ಶುರುವಾಗಿತ್ತು. ಹಿಂದಿನ ದಿನದ ಚೆಂಡುಹೂವಿನ ಹಾರ ಜಾಲರಿಯ ಮೇಲೆ ಸುಮ್ಮನೆ ನೇತಾಡಬೇಕಾಗಿತ್ತು. ಅದು ನನ್ನ ಕಡೆಗೆ ಉಬ್ಬಿ ನಿಂತಿತ್ತು. ಹತ್ತಿರ ಹೋದೆ. ಒಂದು ಎಸಳು ಹಾರಿ ಬಂದು ಅಂಗಿಗೆ ಅಂಟಿಕೊಂಡಿತು.

ಕಾರಿನ ಫ್ಯಾನ್ ಮುಂದಿನ ತಂಪು ಗಾಳಿಯನ್ನು ರೇಡಿಯೇಟರಿನ ಮೂಲಕ ಒಳಗೆ ಎಳೆದುಕೊಳ್ಳಬೇಕು. ನನ್ನದು ಎಂಜಿನ್ನಿನ ಬಿಸಿಯನ್ನೇ ಮುಂದಕ್ಕೆ ಊದುತ್ತಿತ್ತು. ಗಾಡಿ ಓಡುವಾಗ ಎದುರಿನಿಂದ ನುಗ್ಗುವ ಗಾಳಿಗೂ ಅದು ಅಡ್ಡ ನಿಂತು ಜಗಳವಾಡುತ್ತಿತ್ತು. ಫ್ಯಾನ್ ದೊಡ್ಡದಾದಷ್ಟೂ ಜಗಳ ದೊಡ್ಡದಾಗಿತ್ತು, ಅಷ್ಟೆ. ಗೆಳೆಯನಿಗೆ ಫೋನ್ ಮಾಡಿದೆ. ಆ ಗುಜರಿ ಫ್ಯಾನಿನಲ್ಲಿ ವೈರುಗಳ ಬಣ್ಣ ಬೇರೆ ರೀತಿ. ಇವನು ಬಣ್ಣ ನೋಡಿಕೊಂಡು ಎರಡನ್ನೂ ಅದಲುಬದಲು ಕೊಟ್ಟಿದ್ದರಿಂದ ಫ್ಯಾನ್ ಹಿಮ್ಮುಖವಾಗಿ ತಿರುಗುತ್ತಿತ್ತು. ಬಂದವನು ಬಗ್ಗಿ ನೋಡಿ, ಹಣೆ ಚಚ್ಚಿಕೊಂಡು, "ಥೂ ನನ್ನ... ಉಲ್ಟಾ ಗುರು!" ಎಂದ. ವೈರುಗಳನ್ನು ತಿರುಗಿಸಿ ಕೊಟ್ಟು ಟೇಪ್ ಸುತ್ತಲು ಹೊರಟವನನ್ನು ನಾನು ತಡೆದೆ. ಹಾಗೇ ಬಿಡು, ಒಬ್ಬರಿಗೆ ತೋರಿಸಬೇಕು ಎಂದೆ.

ಆಂಟಿ ಸುಲಭಕ್ಕೆ ಹೊರಗೆ ಬರಲಿಲ್ಲ. "ನನ್ನ ಸಮಾಧಾನಕ್ಕೆ ನಾಟಕ ಕಟ್ತಿದೀರಾ" ಎಂದರು. ಕೊನೆಗೆ ನನ್ನ ಹೆಂಡತಿ ತಟ್ಟೆಗೆ ಕರ್ಪೂರ ಹಾಕಿ ಹಚ್ಚಿ, ಅವರ ಕೈಯಲ್ಲಿಟ್ಟು, ಮೊಣಕೈ ಹಿಡಿದು ಗೇಟಿನವರೆಗೆ ಕರೆತಂದಳು. ವೈರ್ ಹಳೆಯ ಹಾಗೆ ಕೊಟ್ಟೆವು. ಉರಿ ಅವರ ಕಡೆ ಬಾಗಿ ಆರಿತು. ಅವರ ಮುಖ ಬಾಡಿತು. ವೈರ್ ತಿರುಗಿಸಿದೆವು, ಮತ್ತೆ ಹಚ್ಚಿದೆವು. ಉರಿ ಕಾರಿನ ಕಡೆಗೆ ಬಾಗಿತು, ಆರಲಿಲ್ಲ.

"ಇನ್ನೊಂದ್ಸಲ ಉಲ್ಟಾ ಮಾಡು" ಎಂದರು ಆಂಟಿ. ಮಾಡಿದೆವು. ತಟ್ಟೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, "ಈಗ ನೀನು ಹಿಡಿ" ಎಂದರು. ಅವಳ ಕೈಯಲ್ಲೂ ಆರಿತು. ನನ್ನ ಕೈಯಲ್ಲೂ ಆರಿತು. ಗೆಳೆಯನನ್ನೂ ಬಿಡಲಿಲ್ಲ. ಎಲ್ಲರ ಕೈಯಲ್ಲೂ ಆರುತ್ತದೆಂದು ಗಟ್ಟಿಯಾದ ಮೇಲೆ ಅವರು ಅವನ ಕಡೆ ತಿರುಗಿದರು.

"ಎರಡೇ ಎರಡು ವೈರು ಕಣೋ! ಅಷ್ಟನ್ನೂ ನೆಟ್ಟಗೆ ಕೊಡಕ್ಕೆ ಬರಲ್ವೇನೋ ನಿಂಗೆ?"

ಯುಗಾದಿಯಿಂದೀಚೆಗೆ ಆ ದನಿಯನ್ನು ನಾವು ಕೇಳಿರಲಿಲ್ಲ. ಗೆಳೆಯ ಬೈಸಿಕೊಳ್ಳುತ್ತ ಹಲ್ಲು ಕಿರಿದು ನಿಂತಿದ್ದ. ನಿಜ ಹೇಳುತ್ತೇನೆ, ಗಾಡಿ ಸರಿಹೋಯಿತೆಂಬ ಖುಷಿ ಆ ಹೊತ್ತಿಗೆ ನನಗೆ ನೆನಪೇ ಆಗಲಿಲ್ಲ.

ಸಂಜೆ ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟುವವರೆಗೂ ಓಡಿಸಿ ನೋಡಿದೆ. ಆಂಟಿ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡದೆ ಶಾಖದ ಮುಳ್ಳನ್ನೇ ನೋಡುತ್ತಿದ್ದರು. ಅದು ಅರ್ಧಕ್ಕೆ ಬಂದು ನಿಂತಿತು. "ಇನ್ ಸ್ವಲ್ಪ ಜೋರಾಗೇ ಹೋಗು, ಏನಾಗಲ್ಲ" ಎಂದರು. ವಾಪಸು ಬಂದವರು ತಮ್ಮ ಬಾಗಿಲ ಕಡೆ ಹೋಗದೆ, ನೇರ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು.

ಮಗಳು ಹುಟ್ಟಿ ಆಸ್ಪತ್ರೆಯಿಂದ ಬಂದಾಗ ಗೇಟಿನಲ್ಲಿ ಆರತಿ ಎತ್ತಿದ್ದು ಅವರೇ. ಆಮೇಲೆ ನಾವು ಬ್ಯಾಡರಹಳ್ಳಿಯಲ್ಲಿ ಮನೆ ಮಾಡಿಕೊಂಡು ಬಂದೆವು. ಆದರೂ ಪ್ರತಿ ಆಯುಧಪೂಜೆಗೆ ಕಾರು ಗೋವಿಂದರಾಜನಗರಕ್ಕೇ ಹೋಗುತ್ತಿತ್ತು. ಕರ್ಪೂರ ಹಚ್ಚುವ ಮೊದಲು ಆಂಟಿ ತಟ್ಟೆ ಹಿಡಿದು, ಇಡೀ ರಸ್ತೆಗೆ ಕೇಳುವ ಹಾಗೆ ವಿಚಾರಿಸುತ್ತಿದ್ದರು: "ಊದುತ್ತೋ, ಎಳ್ಕೊಳುತ್ತೋ?" "ಎಳ್ಕೊಳುತ್ತೆ ಆಂಟಿ" ಎಂದು ನಾನು ಹೇಳಬೇಕು. ಹೇಳದೆ ಹೋದರೆ ಕಡ್ಡಿ ಗೀರುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಅವರು ಹೋದರು. ಸುದ್ದಿ ತಿಳಿದು ಓಡಿದೆವು. ಹಜಾರದಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಹಚ್ಚಿಟ್ಟ ದೀಪ ಮೇಲಿನ ಫ್ಯಾನಿನ ಗಾಳಿಗೆ ಹೊಯ್ದಾಡುತ್ತಿತ್ತು. ಬಂದವರಿಗೆ ಸೆಕೆಯಾಗುತ್ತದೆಂದು ಯಾರೂ ಅದನ್ನು ನಿಲ್ಲಿಸಿರಲಿಲ್ಲ. ನಾನು ಎದ್ದು ಹೋಗಿ ಸ್ವಿಚ್ ಆರಿಸಿ ಬಂದು ಕೂತೆ... ಅವರಿಗಾಗಿ ನನ್ನಿಂದ ಆಗಬಹುದಾಗಿದ್ದುದು ಅಷ್ಟೇ ಆಗಿತ್ತು.

ಈ ವರ್ಷ ಪೂಜೆ ನಮ್ಮ ಮನೆಯ ಮುಂದೆಯೇ. ಒಣಗಿದ ಎಸಳುಗಳನ್ನೆಲ್ಲ ತೊಳೆದು ಜಾಲರಿ ಕೂರಿಸಿದೆ, ಹೊಸ ಹಾರ ಕಟ್ಟಿದೆ, ಒಂದು ಸುತ್ತು ಓಡಿಸಿಕೊಂಡು ಬಂದು ನಿಲ್ಲಿಸಿದೆ. ಫ್ಯಾನ್ ತಿರುಗುತ್ತಿತ್ತು. ಹೆಂಡತಿ ತಟ್ಟೆ ಹಿಡಿದಳು, ಮಗಳು ಬೆಂಕಿಕಡ್ಡಿ ತೆಗೆದಳು. ತೆಗೆದವಳು ಗೀರದೆ ನನ್ನ ಮುಖ ನೋಡಿದಳು. ಯಾರೂ ಏನೂ ಕೇಳಲಿಲ್ಲ.

"ಎಳ್ಕೊಳುತ್ತೆ ಆಂಟಿ" ಎಂದೆ.

ಮಗಳು ಕಡ್ಡಿ ಗೀರಿದಳು.