ಪಡಸಾಲೆಯಿಂದ ಹೊರಟ ಹಡಗಲಿ ಬಸ್ಸು

ಗೆಳೆಯರೇ, ಇವತ್ತು ಕೊಟ್ಟೂರಿನಲ್ಲಿ ಬೆಳಗಿನಿಂದ ಮಳೆ. ಅಂಗಳಕ್ಕೆ ಇಳಿಯಬೇಡಿ ಎಂದದ್ದೇ ತಡ, ನನ್ನಿಬ್ಬರು ಮಕ್ಕಳು ಪಡಸಾಲೆಯನ್ನೇ ಬಸ್ಸು ಮಾಡಿಬಿಟ್ಟರು. ಸಾಲಾಗಿಟ್ಟ ಕುರ್ಚಿಗಳೇ ಸೀಟು, ಊಟದ ತಟ್ಟೆ ಸ್ಟೀರಿಂಗು. ಮಗ ಡ್ರೈವರ್, ಆರು ವರ್ಷದ ಮಗಳು ಕಂಡಕ್ಟರ್.

"ಹಡಗಲಿ, ಹಡಗಲಿ! ಲಗೂನ ಹತ್ರಿ!"

ನಮ್ಮತ್ತೆ ಮೊಣಕಾಲು ಹಿಡಿದುಕೊಂಡೇ ಬಂದು ಕಿಟಕಿ ಪಕ್ಕ ಕೂತರು. "ಹಡಗಲಿ ದಾಟಿ ಮಾಗಳಕ್ಕ ಬಿಡಬೇಕವ್ವ, ನನ್ನ ತವರುಮನಿ. ಹೆಣ್ಮಕ್ಕಳಿಗೆ ಪುಕ್ಕಟ ಐತಲ್ಲ?"

"ಆಧಾರ್ ಕಾರ್ಡ್ ತೋರಿಸ್ರಿ."

"ಏ ಹುಡುಗಿ, ನಾ ನಿಮ್ಮಜ್ಜಿ ಅದೀನಿ!"

"ಎಲ್ಲಾರೂ ಹಂಗ ಅಂತಾರ. ಇಲ್ಲಂದ್ರ ಇಳೀರಿ."

ನಾನು ನಕ್ಕೆ, ಅತ್ತೆ ನಗಲಿಲ್ಲ. ಎದ್ದು ಹೋಗಿ ಟ್ರಂಕು ತೆಗೆದು, ಸೀರೆಗಳ ಅಡಿಯಿಂದ ಅಸಲಿ ಕಾರ್ಡನ್ನೇ ತಂದು ತೋರಿಸಿದರು. ಆಮೇಲಷ್ಟೇ ರೈಟ್ ರೈಟ್!

ಇಟ್ಟಿಗಿಯಲ್ಲಿ ಬಸ್ಸು ಊಟಕ್ಕೆ ನಿಂತಿತು. ನಾನೇ ಹೋಟೆಲಿನವಳಾಗಿ ರೊಟ್ಟಿ, ಪಲ್ಯ ಕೊಟ್ಟೆ. ದಿನಾ ರೊಟ್ಟಿ ಕಂಡರೆ ಮುಖ ತಿರುಗಿಸುವ ಮಕ್ಕಳು ಎರಡೆರಡು ತಿಂದರು. ಡ್ರೈವರಂತೂ ಸ್ಟೀರಿಂಗಿನಲ್ಲೇ ಉಂಡ.

ಅಷ್ಟರಲ್ಲಿ ಮಳೆ ನಿಂತಿತು. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸನ್ನು ನಡುದಾರಿಯಲ್ಲೇ ಬಿಟ್ಟು ಅಂಗಳದ ಕೆಸರಿಗೆ ಓಡಿದರು. ನಾನು ಕುರ್ಚಿ ಎತ್ತಿಡಲು ಹೋದರೆ ಅತ್ತೆ ಅಲುಗಾಡಲಿಲ್ಲ.

"ಏಳ್ರಿ ಅತ್ತಿ, ಆಟ ಮುಗೀತು."

"ಹೆಂಗ ಏಳ್ಲವ್ವ? ಮಾಗಳ ಇನ್ನಾ ಬಂದಿಲ್ಲಲ್ಲ."

ನಾಳೆ ಅವರನ್ನು ನಿಜವಾದ ಬಸ್ಸಿಗೇ ಹತ್ತಿಸುತ್ತಿದ್ದೇನೆ. ಆಧಾರ್ ಕಾರ್ಡು ಹೇಗೂ ಟ್ರಂಕಿನಿಂದ ಹೊರಗೆ ಬಂದಿದೆ.